2012ರ ಸ್ವಿಫ್ಟ್ ಡೀಸೆಲ್‌ಗೆ ₹1.16 ಲಕ್ಷ ಎಸ್ಟಿಮೇಟ್: ಯಾವುದು ಮಾಡಿಸೋದು, ಯಾವುದು ಬಿಡೋದು?

ಕೆಎ17_ಡೀಸೆಲ್ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಗಾಡಿ 2012ರ ಸ್ವಿಫ್ಟ್ ವಿಡಿಐ, 1.48 ಲಕ್ಷ ಕಿ.ಮೀ. ಓಡಿದೆ. ಪಿಕಪ್ ಕಮ್ಮಿ, ಏರಿನಲ್ಲಿ ಕಪ್ಪು ಹೊಗೆ. ಕ್ಲಚ್ ಪೆಡಲ್ ಗಟ್ಟಿ. ಹಂಪ್ ಇಳಿಸುವಾಗ ಮುಂದೆ ಎಡಗಡೆ ಕಟಕಟ ಸದ್ದು.

ಸರ್ವಿಸ್ ಸೆಂಟರ್‌ನ ಎಸ್ಟಿಮೇಟ್ ಹೀಗಿದೆ: ನಾಲ್ಕು ಇಂಜೆಕ್ಟರ್ (ಎಂಜಿನ್‌ಗೆ ಡೀಸೆಲ್ ಸಿಂಪಡಿಸೋದು) 62,000, ಇಜಿಆರ್ ವಾಲ್ವ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಎಂಜಿನ್‌ಗೆ ಬಿಡೋದು) 13,000, ಕ್ಲಚ್ ಸೆಟ್ ಲೇಬರ್ ಸೇರಿ 17,000, ಎರಡು ಲೋವರ್ ಆರ್ಮ್ (ಚಕ್ರವನ್ನು ಕೆಳಗಿಂದ ಹಿಡಿದಿರುವ ತೋಳು) 7,600, ಮುಂದಿನ ಶಾಕ್ ಜೋಡಿ 9,000, ಲಿಂಕ್ ರಾಡ್ 2,400. ಎಂಜಿನ್ ಫ್ಲಶ್, ಎಸಿ ಟ್ರೀಟ್‌ಮೆಂಟ್, ಅಂಡರ್‌ಬಾಡಿ ಕೋಟಿಂಗ್ ಎಲ್ಲಾ ಸೇರಿ 5,000. ಮಾರಿದರೆ ಎರಡು ಲಕ್ಷದ ಮೇಲೆ ಬರೋ ಗಾಡಿಯಲ್ಲ. ಹೊರಗಡೆ ಮಾಡಿಸಬಹುದಾ? ಎಲ್ಲಾ ಒಟ್ಟಿಗೇ ಮಾಡಿಸಲೇಬೇಕಾ?

ಹದಿನಾಲ್ಕರ_ಪಾನಾ:
ಮೊದಲು ಒಂದು ಪ್ರಶ್ನೆ ಸರ್: ಇಂಜೆಕ್ಟರ್ ಹೋಗಿದೆ ಅಂತ ಯಾವ ಟೆಸ್ಟ್ ಮಾಡಿ ಹೇಳಿದರು? ರಿಪೋರ್ಟ್ ಕೇಳಿ. ಇಲ್ಲ ಅಂದರೆ ಆ 62,000 ಬರೀ ಊಹೆ.

ಕಪ್ಪು ಹೊಗೆ ಅಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಅಂತ. ಹಾಗಾಗಿ ಗಾಳಿ ಕಡೆಯಿಂದ ಶುರು ಮಾಡಬೇಕು. ಏರ್ ಫಿಲ್ಟರ್ ತೆಗೆದು ನೋಡಿ; ನಮ್ಮ ಕಡೆ ಹಳ್ಳಿ ರಸ್ತೆಯ ಧೂಳಿಗೆ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಅದು ಬಾಳೋದಿಲ್ಲ. ಆಮೇಲೆ ಟರ್ಬೋದಿಂದ ಇಂಟೇಕ್‌ಗೆ (ಎಂಜಿನ್ ಒಳಗೆ ಗಾಳಿ ಹೋಗುವ ದಾರಿ) ಹೋಗುವ ಹೋಸ್. ಕ್ಲಾಂಪ್ ಹತ್ತಿರ ಎಣ್ಣೆ ಜಿಡ್ಡು ಹಿಡಿದಿದ್ದರೆ ಅಲ್ಲಿ ಬೆರಳಿಟ್ಟು ತಿರುವಿ, ಅಡಿಭಾಗದ ಸೀಳು ಮೇಲಿಂದ ಕಾಣೋದಿಲ್ಲ. ಒಬ್ಬರು ರೇಸ್ ಕೊಟ್ಟಾಗ ಇನ್ನೊಬ್ಬರಿಗೆ ಸುಸ್ ಅಂತ ಕೇಳಿಸುತ್ತೆ.

ಮೂರನೆಯದು ಇಜಿಆರ್. ಸಿಟಿಯೊಳಗೆ ಮೆಲ್ಲಗೆ ಓಡಿಸಿದ ಡೀಸೆಲ್ ಗಾಡಿಯಲ್ಲಿ ಮಸಿ ಕಟ್ಟಿ ವಾಲ್ವ್ ಪೂರ್ತಿ ಮುಚ್ಚಿಕೊಳ್ಳೋದಿಲ್ಲ, ಬೇಡದ ಹೊತ್ತಲ್ಲೂ ಹೊಗೆ ಇಂಟೇಕ್‌ಗೆ ಹೋಗುತ್ತೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ವಾಲ್ವ್ ಇಳಿಸಿ, ಕಾರ್ಬ್ ಕ್ಲೀನರ್ ಹೊಡೆದು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬೇಕು. ಮೋಟಾರ್ ಇರುವ ಬದಿಗೆ ದ್ರಾವಣ ಇಳಿಯಬಾರದು. ಗ್ಯಾಸ್ಕೆಟ್ ಹೊಸದೇ ಹಾಕಿ. ಕ್ಲೀನ್ ಮಾಡಿದ ಮೇಲೂ ವಾಲ್ವ್ ಅಂಟಿಕೊಂಡರೆ ಮಾತ್ರ ಹೊಸದು ತನ್ನಿ. ತಗಡು ಕೊಟ್ಟು ಮುಚ್ಚಿಬಿಡೋಣ ಅನ್ನುವವರು ಸಿಗ್ತಾರೆ, ಒಪ್ಪಬೇಡಿ; ಚೆಕ್ ಲೈಟ್ ಹತ್ತಿಕೊಳ್ಳುತ್ತೆ.

ಇಷ್ಟಾದ ಮೇಲೂ ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್. ಬ್ಯಾಕ್ ಲೀಕ್ ಟೆಸ್ಟ್ ಮಾಡಿಸಿ: ನಾಲ್ಕೂ ಇಂಜೆಕ್ಟರ್‌ನ ರಿಟರ್ನ್ ಪೈಪನ್ನು ನಾಲ್ಕು ಸಮ ಬಾಟಲಿಗೆ ಬಿಟ್ಟು ಒಂದೆರಡು ನಿಮಿಷ ಐಡಲ್‌ನಲ್ಲಿ (ರೇಸ್ ಕೊಡದೆ) ಎಂಜಿನ್ ಓಡಿಸೋದು. ಯಾವ ಬಾಟಲಿ ಉಳಿದವಕ್ಕಿಂತ ಜಾಸ್ತಿ ತುಂಬುತ್ತೋ ಆ ಇಂಜೆಕ್ಟರ್ ಸವೆದಿದೆ. ಸಾಮಾನ್ಯವಾಗಿ ಒಂದೋ ಎರಡೋ ಸಿಗುತ್ತೆ. ಅದನ್ನು ಡೀಸೆಲ್ ಪಂಪ್ ರಿಪೇರಿಯವರ ಬೆಂಚ್ ಮೇಲೆ ಚೆಕ್ ಮಾಡಿಸಿ. ವಾಪಸ್ ಕೂರಿಸುವಾಗ ತಳದ ತಾಮ್ರದ ವಾಷರ್ ಹೊಸದಿರಲಿ. ಹಳೆಯದನ್ನೇ ಹಾಕಿದರೆ ಕಂಪ್ರೆಷನ್ ಸೋರಿ ಚಫ್ ಚಫ್ ಸದ್ದು, ಸುತ್ತ ಟಾರಿನಂಥ ಮಸಿ. ಮುಂದಿನ ಸಲ ಇಂಜೆಕ್ಟರ್ ಕೀಳೋದೇ ಒಂದು ಯುದ್ಧ. ಹೊಸ ಇಂಜೆಕ್ಟರ್ ತಲೆ ಮೇಲೆ ಕೋಡ್ ಇದ್ದರೆ ಅದನ್ನು ಸ್ಕ್ಯಾನರ್‌ನಿಂದ ಇಸಿಯುಗೆ (ಎಂಜಿನ್‌ನ ಕಂಪ್ಯೂಟರ್) ತುಂಬಲೇಬೇಕು.

ಕೋಟೆ_ರಸ್ತೆ (ಚಿತ್ರದುರ್ಗ):
ಮೇಲಿನವರು ಎಂಜಿನ್ ಹೇಳಿದ್ರು, ನಾನು ಉಳಿದದ್ದು ಹೇಳ್ತೀನಿ ನೋಡ್ರಿ.

ಕ್ಲಚ್ ಪ್ಲೇಟ್ ಸವೆದಂಗೆ ಕ್ಲಚ್ ಒಳಗಿನ ಡಯಾಫ್ರಾಮ್ ಸ್ಪ್ರಿಂಗಿನ ಬೆರಳುಗಳ ಕೋನ ಬದಲಾಗ್ತದೆ, ಪೆಡಲ್ ಗಟ್ಟಿಯಾಗ್ತದೆ. ಸ್ಲಿಪ್ ಐತೋ ಇಲ್ಲೋ ನೀವೇ ನೋಡಬಹುದು: ಖಾಲಿ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡ್ರಿ. ಎಂಜಿನ್ ಕೂಡಲೇ ಆಫ್ ಆದರೆ ಹಿಡಿತ ಐತಿ. ಓಡ್ತಾನೇ ಇದ್ರೆ ಪ್ಲೇಟ್ ಮುಗೀತು. ಒಂದೇ ಸಲ ಮಾಡ್ರಿ, ಮತ್ತೆ ಮತ್ತೆ ಮಾಡಿದ್ರೆ ಇರೋ ಪ್ಲೇಟೂ ಸುಡ್ತದೆ.

ಗೇರ್‌ಬಾಕ್ಸ್ ಇಳಿಸಿದ ಮೇಲೆ ಜುಗ್ಗತನ ಬೇಡ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸದು. ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ಶಾಫ್ಟ್) ಹಿಂದಿನ ಆಯಿಲ್ ಸೀಲ್ ಜಿನುಗ್ತಿದ್ರೆ ಅದನ್ನೂ ಆಗಲೇ ಬದಲಿಸ್ರಿ. ಸೀಲಿಗೆ ಕೊಡೋದು ಸಣ್ಣ ದುಡ್ಡು, ಅದಕ್ಕೋಸ್ಕರ ಮತ್ತೆ ಗೇರ್‌ಬಾಕ್ಸ್ ಇಳಿಸಿದ್ರೆ ಲೇಬರ್ ಪೂರ್ತಿ ಇನ್ನೊಂದು ಸಲ. ಫ್ಲೈವೀಲ್ ಮೇಲೆ ನೀಲಿ ಸುಟ್ಟ ಕಲೆ, ಗೆರೆ ಐತೇನು ಅಂತ ಫೋಟೋ ಕೇಳ್ರಿ.

ಕಟಕಟ ಸದ್ದಿಗೆ ಇಡೀ ಎಸ್ಟಿಮೇಟ್ ಬೇಡ. ಸಣ್ಣ ಗುಂಡಿಯಲ್ಲಿ ಮೆಲ್ಲಗೆ ಹೋದಾಗ ಬಂದ್ರೆ ಲಿಂಕ್ ರಾಡ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟೊಕ್ ಅಂದ್ರೆ ಶಾಕ್ ಮೇಲ್ತುದಿಯ ಸ್ಟ್ರಟ್ ಮೌಂಟ್ ಬೇರಿಂಗ್. ಬ್ರೇಕ್ ಹಾಕಿದಾಗ ಗುದ್ದಿದಂಗೆ ಆದ್ರೆ ಲೋವರ್ ಆರ್ಮ್‌ನ ರಬ್ಬರ್ ಬುಷ್. ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಲಿವರ್‌ನಿಂದ ಮೀಟಿದ್ರೆ ಎರಡೇ ನಿಮಿಷದಲ್ಲಿ ಗೊತ್ತಾಗ್ತದೆ. ಶಾಕ್‌ನಿಂದ ಎಣ್ಣೆ ಸೋರದೆ, ಬಾನೆಟ್ ಒತ್ತಿ ಬಿಟ್ರೆ ಒಂದೇ ಸಲಕ್ಕೆ ನಿಂತ್ರೆ 9,000 ಉಳೀತು. ಲೋವರ್ ಆರ್ಮ್ ತುದಿಯ ಬಾಲ್ ಜಾಯಿಂಟ್ ಸಡಿಲಾಗಿ ಆಡಿದ್ರೆ ಮಾತ್ರ ತಡ ಮಾಡಬ್ಯಾಡ್ರಿ, ಚಕ್ರ ಮಡಚಿಕೊಳ್ಳೋ ಭಾಗ ಅದು.

ಬುಷ್ ಹಾಕೋವಾಗ ಹೆಚ್ಚಿನವರು ಮಾಡೋ ತಪ್ಪು: ಗಾಡಿ ಎತ್ತಿದಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡೋದು. ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರೀತದೆ. ಚಕ್ರ ನೆಲಕ್ಕೆ ಕೂತು ಗಾಡಿ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಆಮೇಲೆ ಅಲೈನ್‌ಮೆಂಟ್.

ಕೆಎ17_ಡೀಸೆಲ್:
ಇನ್ನೊಂದು ಬಿಟ್ಟೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಗರಗರ ಸದ್ದು ಬಂದು ನಿಂತು ಹೋಗುತ್ತೆ. ಎಸ್ಟಿಮೇಟ್‌ನಲ್ಲಿ ಅದರ ಸುದ್ದಿಯೇ ಇಲ್ಲ.

ಹದಿನಾಲ್ಕರ_ಪಾನಾ:
ಹಾಗಾದರೆ ಮೊದಲು ಅದನ್ನು ನೋಡಿಸಿ, ಮಿಕ್ಕಿದ್ದೆಲ್ಲ ಆಮೇಲೆ. ಈ 1248 ಸಿಸಿ ಫಿಯಟ್ ಮಲ್ಟಿಜೆಟ್ ಎಂಜಿನ್‌ನಲ್ಲಿ ಬೆಲ್ಟ್ ಇಲ್ಲ, ಕ್ರ್ಯಾಂಕನ್ನು ವಾಲ್ವ್ ತೆರೆಯುವ ಕ್ಯಾಮ್‌ಗೆ ಜೋಡಿಸೋದು ಟೈಮಿಂಗ್ ಚೈನ್. ಚೈನ್ ಬಿಗಿ ಹಿಡಿಯುವ ಟೆನ್ಷನರ್‌ಗೆ ಆಯಿಲ್ ಒತ್ತಡ ಬರುವ ತನಕ ಸಡಿಲ ಚೈನ್ ಹೀಗೇ ಗರಗುಟ್ಟುತ್ತೆ. ಆಯಿಲ್ ತಡವಾಗಿ ಬದಲಿಸಿದ ಗಾಡಿಗಳಲ್ಲಿ ಇದು ಜಾಸ್ತಿ. ಸ್ಕ್ಯಾನ್‌ನಲ್ಲಿ ಪಿ0016 ಅನ್ನೋ ದೋಷದ ಕೋಡ್ ಬಂದರೆ ಕ್ಯಾಮ್, ಕ್ರ್ಯಾಂಕ್ ತಾಳ ತಪ್ಪಿದೆ ಅಂತ ಅರ್ಥ. ಚೈನ್ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತೆ, ಆಗ 1.16 ಲಕ್ಷವೇ ಅಗ್ಗ ಅನ್ನಿಸುತ್ತೆ. ಚೈನ್ ಒಂದನ್ನೇ ಹಾಕಿಸಬೇಡಿ. ಟೆನ್ಷನರ್, ಗೈಡ್, ಸ್ಪ್ರಾಕೆಟ್ ಇರುವ ಕಿಟ್ ಹಾಕಿಸಿ. ಎಂಜಿನ್ ಫ್ಲಶ್ ಬೇಡವೇ ಬೇಡ, ಕಳಚಿದ ಕೆಸರು ಆಯಿಲ್ ಸ್ಟ್ರೇನರ್‌ಗೆ ಹೋಗಿ ಕೂರುತ್ತೆ. 5ಡಬ್ಲ್ಯೂ-30 ಆಯಿಲನ್ನು ಮುಂದಕ್ಕೆ 7,500 ಕಿ.ಮೀ.ಗೆ ಒಮ್ಮೆ ಬದಲಿಸಿದರೆ ಸಾಕು.

ಬಿಲ್_ನೋಡಿ_ಸಹಿ:
ದುಡ್ಡಿನ ವಿಷಯ. ಪಾರ್ಟ್ ನಂಬರ್, ಲೇಬರ್ ಬೇರೆ ಬೇರೆ ಸಾಲಿನಲ್ಲಿರುವ ಎಸ್ಟಿಮೇಟ್ ತಗೊಳ್ಳಿ. ಆ ನಂಬರ್ ಹಿಡಿದು ಹೊರಗಿನ ಸ್ಪೇರ್ ಅಂಗಡಿಯಲ್ಲಿ ವಿಚಾರಿಸಿ. ದಾವಣಗೆರೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿಕೊಡ್ತಾರೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕಿದ್ದರೆ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳಿಗೆ 18%, ಹಳೇ 28% ಇನ್ನೂ ಬಿಲ್‌ನಲ್ಲಿದ್ದರೆ ಒಪ್ಪಬೇಡಿ. ಜಾಬ್ ಕಾರ್ಡ್ ಮೇಲೆ "ಫೋನ್ ಮಾಡಿ ಒಪ್ಪಿಗೆ ಪಡೆಯದೆ ಹೆಚ್ಚುವರಿ ಕೆಲಸ ಬೇಡ, ಹಳೇ ಪಾರ್ಟ್ ವಾಪಸ್ ಕೊಡಬೇಕು" ಅಂತ ಬರೆಸಿಯೇ ಸಹಿ ಹಾಕಿ. ಜಗಳಕ್ಕೆ ಬಂದರೆ ಗ್ರಾಹಕ ಸಹಾಯವಾಣಿ 1915.

ದೆಹಲಿ ಕಡೆಯ ಹತ್ತು ವರ್ಷದ ಡೀಸೆಲ್ ನಿಯಮ ನಮ್ಮಲ್ಲಿಲ್ಲ, ಆ ಭಯಕ್ಕೆ ಮಾರಬೇಡಿ. ಆದರೆ 2027ಕ್ಕೆ ನಿಮ್ಮ ಆರ್‌ಸಿಗೆ 15 ವರ್ಷ ತುಂಬುತ್ತೆ: ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ನವೀಕರಣ ಶುಲ್ಕ 5,000, ಗ್ರೀನ್ ಟ್ಯಾಕ್ಸ್ ಬೇರೆ. ಕಪ್ಪು ಹೊಗೆ ಬಿಡುವ ಗಾಡಿ ಎಫ್‌ಸಿಯಲ್ಲಿ ಪಾಸಾಗೋದು ಕಷ್ಟ, ಹಾಗಾಗಿ ಹೊಗೆಯ ಕೆಲಸ ಹೇಗೂ ಮಾಡಿಸಲೇಬೇಕು. ಅಂಡರ್‌ಬಾಡಿ ಕೋಟಿಂಗ್ ಬಿಡಿ, ನಮ್ಮದೇನು ಸಮುದ್ರದ ಊರಲ್ಲ.