ವಿಕ್ಟೋರಿಯನ್ ಕಾದಂಬರಿಗಳಿಗೆ ಮೂರು ಸಂಪುಟ ಯಾಕೆ? ಅಧ್ಯಾಯದ ಸಂಖ್ಯೆ ಯಾಕೆ ತಾಳೆಯಾಗಲ್ಲ?

ಪ್ರಶ್ನೆ:
ಎಂ.ಎ. ಪ್ರಬಂಧಕ್ಕೆ ಷಾರ್ಲೆಟ್ ಬ್ರಾಂಟೆಯ 'ಜೇನ್ ಐರ್' ಕಾದಂಬರಿ ಓದುತ್ತಿದ್ದೇನೆ. ವಿಮರ್ಶೆಯೊಂದರಲ್ಲಿ 'ಸಂಪುಟ 2, ಅಧ್ಯಾಯ 11' ಅಂತ ಕೊಟ್ಟಿರುವ ಭಾಗ ನನ್ನ ಪ್ರತಿಯ 11ನೇ ಅಧ್ಯಾಯದಲ್ಲಿ ಇಲ್ಲ. ಇನ್ನೊಂದು ಸಂಶಯ: ಆ ಕಾಲದ ಲೇಖಕರಿಗೆ ಪದಕ್ಕಿಷ್ಟು ಅಂತ ದುಡ್ಡು ಸಿಗುತ್ತಿತ್ತು, ಅದಕ್ಕೇ ಕಥೆ ಎಳೆದರು ಅನ್ನುತ್ತಾರಲ್ಲ, ನಿಜವೇ?

ಉತ್ತರ 1:
ಮೊದಲು ಲೆಕ್ಕ ಸರಿಮಾಡಿಕೊಳ್ಳಿ. 1847ರ ಮೊದಲ ಮುದ್ರಣ ಮೂರು ಸಂಪುಟ, ಪ್ರತಿ ಸಂಪುಟದಲ್ಲೂ ಅಧ್ಯಾಯ 1ರಿಂದ ಶುರು. ಕ್ರಮವಾಗಿ 15, 11, 12 ಅಧ್ಯಾಯ, ಒಟ್ಟು 38. ನಿಮ್ಮ ಪ್ರತಿಯಲ್ಲಿ ಒಂದೇ ಸರಣಿ ಇರುತ್ತದೆ. ಎರಡನೇ ಸಂಪುಟದ ಸಂಖ್ಯೆಗೆ 15 ಕೂಡಿಸಿ, ಮೂರನೆಯದಕ್ಕೆ 26. ನೀವು ಹುಡುಕುತ್ತಿರುವುದು 26ನೇ ಅಧ್ಯಾಯ, ಚರ್ಚಿನಲ್ಲಿ ಮದುವೆ ನಿಂತುಹೋಗುವ ಭಾಗ. ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಲ್ಲೂ ಇದೇ ತೊಡಕು. ಅಲ್ಲಿ 19 ಮತ್ತು 39 ಕೂಡಿಸಬೇಕು.

ಸಂಪುಟ ಎಲ್ಲಿ ಮುಗಿಯುತ್ತದೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಂಡು ಓದಿ. ಮೊದಲ ಸಂಪುಟ ಮುಗಿಯುವುದು ಜೇನ್ ಕೆಲಸಕ್ಕಿರುವ ಮನೆಯ ಯಜಮಾನ ರಾಚೆಸ್ಟರನ ಹಾಸಿಗೆಗೆ ಬೆಂಕಿ ಬಿದ್ದ ರಾತ್ರಿಯಲ್ಲಿ: ಜೇನ್ ನಿದ್ದೆ ಬಾರದೆ, ಅಲೆಗಳ ಮೇಲೆ ತೇಲಿದಂತೆ ಬೆಳಗು ಮಾಡುತ್ತಾಳೆ. ಎರಡನೆಯದು ಮುಗಿಯುವಾಗ ಅದೇ ನೀರು ಪ್ರವಾಹವಾಗಿ ಅವಳನ್ನು ಮುಳುಗಿಸುತ್ತದೆ. ಒಂದೇ ಸರಣಿಯ ಪ್ರತಿಯಲ್ಲಿ ಈ ಜೋಡಣೆ ಕಣ್ಣಿಗೇ ಬೀಳುವುದಿಲ್ಲ.

ಉತ್ತರ 2:
ಮೂರು ಸಂಪುಟದ ಹಿಂದೆ ಇದ್ದದ್ದು ಬಾಡಿಗೆ ಗ್ರಂಥಾಲಯ. ಪೂರ್ತಿ ಕಾದಂಬರಿಯ ಬೆಲೆ 31 ಶಿಲಿಂಗ್ 6 ಪೆನ್ಸ್. 1821ರಲ್ಲಿ ಸ್ಕಾಟ್‌ನ 'ಕೆನಿಲ್‌ವರ್ತ್'ನಿಂದ ನಿಂತ ದರ ಅದು. ಹೊಲದ ಕೂಲಿಯವನಿಗೆ ಎಷ್ಟೋ ವಾರಗಳ ದುಡಿಮೆ. ಮಧ್ಯಮ ವರ್ಗದವರೂ ಕೊಳ್ಳುತ್ತಿರಲಿಲ್ಲ, ಎರವಲು ತರುತ್ತಿದ್ದರು. 1842ರಲ್ಲಿ ಶುರುವಾದ ಮ್ಯೂಡಿಯ ಗ್ರಂಥಾಲಯದಲ್ಲಿ ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಸಿಗುತ್ತಿತ್ತು. ಹೀಗಾಗಿ ಒಂದೇ ಕಾದಂಬರಿ ಒಂದೇ ಹೊತ್ತಿಗೆ ಮೂರು ಮನೆಗಳಲ್ಲಿ ಓಡಾಡುತ್ತಿತ್ತು. ಪ್ರಕಾಶಕರಿಗೂ ಸಗಟು ಖರೀದಿ ಖಾತ್ರಿ. ಕಥೆ ಚಿಕ್ಕದಾದರೆ ಅಂಚು ಅಗಲ ಬಿಟ್ಟು, ಸಾಲುಗಳ ನಡುವೆ ಜಾಗ ಬಿಟ್ಟು ಮೂರಕ್ಕೆ ಹಿಗ್ಗಿಸುತ್ತಿದ್ದರು.

ಇದರ ಕೆಟ್ಟ ಮುಖವನ್ನು ಪ್ರಬಂಧದಲ್ಲಿ ಬಿಡಬೇಡಿ. ಗ್ರಂಥಾಲಯದ ಒಡೆಯ ಮ್ಯೂಡಿ ಬೇಡ ಅಂದ ಪುಸ್ತಕ ಓದುಗರ ಕೈಗೆ ತಲುಪುವುದೇ ಕಷ್ಟ. ಮನೆಯ ಹೆಣ್ಣುಮಕ್ಕಳು ಓದಬಾರದ್ದು ಅಂತ ಒಬ್ಬ ವ್ಯಾಪಾರಿ ತೀರ್ಮಾನಿಸಿದರೆ ಮುಗಿಯಿತು. ಕಾದಂಬರಿಕಾರ ಜಾರ್ಜ್ ಮೂರ್ ಇದಕ್ಕೆ ಸೆಡ್ಡು ಹೊಡೆದು 1885ರಲ್ಲಿ ತನ್ನ ಕಾದಂಬರಿಯನ್ನು ಒಂದೇ ಸಂಪುಟದಲ್ಲಿ 6 ಶಿಲಿಂಗಿಗೆ ತಂದ. 1894ರಲ್ಲಿ ಮ್ಯೂಡಿ ಮತ್ತು ಡಬ್ಲ್ಯು.ಎಚ್. ಸ್ಮಿತ್ ಗ್ರಂಥಾಲಯಗಳೇ ಸಂಪುಟಕ್ಕೆ 4 ಶಿಲಿಂಗಿಗಿಂತ ಹೆಚ್ಚು ಕೊಡುವುದಿಲ್ಲ, ಒಂದು ವರ್ಷ ಅಗ್ಗದ ಮುದ್ರಣ ತರಕೂಡದು ಎಂದು ಪಟ್ಟು ಹಿಡಿದವು. ಮೂರು ವರ್ಷಗಳಲ್ಲಿ ಈ ಪದ್ಧತಿ ಹೆಚ್ಚುಕಡಿಮೆ ಮುಗಿದೇಹೋಯಿತು.

ಉತ್ತರ 3:
ಮೇಲಿನದಕ್ಕೆ ಒಂದು ತಿದ್ದುಪಡಿ: ಎಲ್ಲ ಕಾದಂಬರಿಗಳನ್ನೂ ಈ ಗುಂಪಿಗೆ ಸೇರಿಸಬೇಡಿ. ಡಿಕನ್ಸ್‌ನ ದೊಡ್ಡ ಕಾದಂಬರಿಗಳಲ್ಲಿ ಹೆಚ್ಚಿನವು ತಿಂಗಳ ಬಿಡಿ ಕಂತುಗಳಾಗಿ ಬಂದವು. ಸಾಮಾನ್ಯವಾಗಿ 32 ಪುಟ, ಎರಡು ಚಿತ್ರ, 1 ಶಿಲಿಂಗ್. 19 ತಿಂಗಳಲ್ಲಿ 20 ಕಂತು. ಕೊನೆಯದು ಜೋಡಿ ಕಂತು, 2 ಶಿಲಿಂಗ್. ಒಟ್ಟು 20 ಶಿಲಿಂಗ್, ಅದೂ ಒಂದೂವರೆ ವರ್ಷದಲ್ಲಿ ಚೂರುಚೂರಾಗಿ.

ಪದಕ್ಕಿಷ್ಟು ದುಡ್ಡು ಅನ್ನುವುದು ತಪ್ಪು. ಹಣ ನಿಗದಿಯಾಗುತ್ತಿದ್ದದ್ದು ಕಂತಿನ ಲೆಕ್ಕದಲ್ಲಿ. ಪುಟ 32 ಅಂದರೆ 32. ಹೆಚ್ಚು ಬರೆದರೆ ಕತ್ತರಿ, ಕಡಿಮೆಯಾದರೆ ಕೂತು ತುಂಬಿಸಬೇಕು. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಬಲ್ಲವರಿಗೆ ಈ ಸಂಕಟ ಹೊಸದಲ್ಲ. ಅಚ್ಚಾಗಿ ಹೋದ ಕಂತನ್ನು ಓದುಗರ ಕೈಯಿಂದ ಹಿಂದಕ್ಕೆ ಪಡೆಯುವಂತಿಲ್ಲ. ಅದಕ್ಕೇ ಡಿಕನ್ಸ್ ಒಂದೊಂದು ಕಂತಿಗೂ ಒಂದು ಹಾಳೆ ಇಡುತ್ತಿದ್ದ. ಎಡಕ್ಕೆ ಪ್ರಶ್ನೆಗಳು, ಈ ಪಾತ್ರ ಈಗ ಬರಲೇ ಎಂಬಂಥವು. ಪಕ್ಕದಲ್ಲೇ ಹೌದು, ಬೇಡ, ಮುಂದಿನ ಸಲ ಎಂದು ಅವನದೇ ಉತ್ತರ. ಬಲಕ್ಕೆ ಅಧ್ಯಾಯಗಳ ವಿವರ. 'ಡೇವಿಡ್ ಕಾಪರ್‌ಫೀಲ್ಡ್'ನ ಇಂಥ ಹಾಳೆಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಉದ್ದ ಎಳೆದ ಅನ್ನುವ ಮುಂಚೆ ಅವುಗಳಲ್ಲಿ ಒಂದನ್ನು ಅದೇ ಕಂತಿನ ಪಕ್ಕದಲ್ಲಿಟ್ಟು ಓದಿ ನೋಡಿ.