ನಾಲ್ಕೂ ಬದಿ ಅಳೆದಾಯ್ತು, ಸೈಟಿನ ವಿಸ್ತೀರ್ಣ ಯಾಕೆ ಸಿಗ್ತಿಲ್ಲ?

ತಿಪಟೂರು_ಮನೆ:
ನಮ್ಮ ತಂದೆಯ ಕಾಲದ ಸೈಟ್ ಒಂದಿದೆ. ಸ್ವಲ್ಪ ಸೊಟ್ಟ. ಟೇಪ್ ಹಿಡಿದು ಅಳೆದೆವು. ರಸ್ತೆ ಕಡೆ 40 ಅಡಿ, ಬಲಕ್ಕೆ 30, ಹಿಂದೆ 41, ಎಡಕ್ಕೆ 39. ಪರಿಚಯದ ಹಿರಿಯರೊಬ್ಬರು ಎದುರುಬದುರು ಬದಿಗಳ ಸರಾಸರಿ ತೆಗೆದರು. 40.5 ಮತ್ತು 34.5. ಗುಣಿಸಿ 1397 ಚದರಡಿ ಅಂದರು. ಎಂಟನೇ ಕ್ಲಾಸಿನ ನನ್ನ ಮಗಳು ಒಪ್ಪುತ್ತಿಲ್ಲ. "ಅಮ್ಮಾ, ಕರ್ಣ ಅಳೀದೇ ಹೇಳೋಕಾಗಲ್ಲ" ಅಂತಾಳೆ. ತ್ರಿಕೋನಕ್ಕೆ ಮೂರು ಬದಿ ಸಾಕು. ಚತುರ್ಭುಜಕ್ಕೆ ನಾಲ್ಕು ಬದಿ ಯಾಕೆ ಸಾಲದು?

ಮೂಲೆಮಟ್ಟ:
ಮೇಡಂ, ನಾನು ಗಾರೆ ಕೆಲಸದವನು. ಪಾಯಕ್ಕೆ ದಾರ ಕಟ್ಟುವಾಗ ಬದಿ ಸರಿ ಇದ್ದರೂ ಮೂಲೆಯಿಂದ ಮೂಲೆಗೆ ಅಳೆಯದೆ ಗುದ್ದಲಿ ಹಾಕಿಸೋದಿಲ್ಲ. 30-40ರ ಸೈಟಿಗೆ ಎರಡೂ ಕಡೆ 50 ಬರಬೇಕು. ಬರದಿದ್ದರೆ ಮೂಲೆ ಎಳೆದಿದೆ ಅಂತ ಅರ್ಥ.

ಗಣಿತದ_ಮೇಷ್ಟ್ರು:
ನಿಮ್ಮ ಮಗಳು ಹೇಳಿದ್ದೇ ಸರಿ. ಅವಳಿಗೆ ಶಭಾಷ್ ಹೇಳಿ.

ಮೂರು ಕಡ್ಡಿಗಳ ತುದಿಗೆ ಮೊಳೆ ಹೊಡೆದು ಸೇರಿಸಿ. ಅಲ್ಲಾಡೋದಿಲ್ಲ. ನಾಲ್ಕು ಕಡ್ಡಿ ಸೇರಿಸಿ ಒಂದು ಮೂಲೆ ಒತ್ತಿ ನೋಡಿ, ವಾಲುತ್ತೆ. ಕಡ್ಡಿಗಳ ಉದ್ದ ಅದೇ, ಒಳಗಿನ ಜಾಗ ಮಾತ್ರ ಬದಲಾಯ್ತು. ಈಗ ಮೂಲೆಯಿಂದ ಮೂಲೆಗೆ ಐದನೇ ಕಡ್ಡಿ ಹಾಕಿ. ಗಟ್ಟಿಯಾಗುತ್ತೆ, ಯಾಕಂದ್ರೆ ಅದೀಗ ಎರಡು ತ್ರಿಕೋನ. ಹಾಗಾಗಿಯೇ ಅದರ ನಾಲ್ಕು ಕೋನಗಳ ಮೊತ್ತ 180ರ ಎರಡು ಪಟ್ಟು, 360.

ನಿಮ್ಮದೇ ಲೆಕ್ಕ ನೋಡೋಣ. ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ 50 ಅಡಿ ಇದ್ದರೆ, ಒಂದು ತ್ರಿಕೋನ 40, 30, 50. ಅದರ ವಿಸ್ತೀರ್ಣ 600. ಇನ್ನೊಂದು 41, 39, 50. ಮೂರು ಬದಿ ಕೂಡಿಸಿ ಅರ್ಧ ಮಾಡಿದರೆ 65. ಅದರಿಂದ ಬದಿಗಳನ್ನು ಒಂದೊಂದಾಗಿ ಕಳೆದರೆ 24, 26, 15. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ 780. ಒಟ್ಟು 1380. ಅದೇ ಕರ್ಣ 40 ಅಡಿ ಇದ್ದರೆ ಒಟ್ಟು ಸುಮಾರು 1248 ಅಷ್ಟೇ. ಅದೇ ನಾಲ್ಕು ಬದಿ, 132 ಚದರಡಿ ವ್ಯತ್ಯಾಸ! ಇವತ್ತಿನ ರೇಟಿನಲ್ಲಿ ಇದು ಸಣ್ಣ ಮಾತಲ್ಲ.

ಸರಾಸರಿ ಲೆಕ್ಕದ ತೊಂದರೆ ಇನ್ನೂ ದೊಡ್ಡದು. ಆಯತ ಬಿಟ್ಟು ಬೇರೆ ಯಾವ ಆಕಾರಕ್ಕೂ ಅದು ಜಾಸ್ತಿಯೇ ತೋರಿಸುತ್ತೆ. ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತ ಅದನ್ನು ಸ್ಥೂಲ ಲೆಕ್ಕ ಅಂತ ಕರೆದು, ಬೇರೆ ಸೂತ್ರವನ್ನೂ ಕೊಟ್ಟಿದ್ದ. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಬಿದ್ದಾಗ ಆ ಸೂತ್ರ ಸರಿ. ಆ ನಾಲ್ಕು ಬದಿಗಳಲ್ಲಿ ಹಿಡಿಸುವ ಗರಿಷ್ಠ ವಿಸ್ತೀರ್ಣವೂ ಅದೇ. ನಿಮ್ಮ ಸೈಟಿಗೆ ಅದು 1388. ಅಂದರೆ 1397 ಚದರಡಿ ಆಗೋಕೆ ಸಾಧ್ಯವೇ ಇಲ್ಲ.

1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಇದೇ ವಿಷಯಕ್ಕೆ ಸಿಟ್ಟಾಗಿದ್ದಾರೆ. ಲಂಬವನ್ನೋ ಕರ್ಣವನ್ನೋ ಹೇಳದೆ ಚತುರ್ಭುಜದ ಖಚಿತ ವಿಸ್ತೀರ್ಣ ಕೇಳುವವನು ಪಿಶಾಚಿ, ಉತ್ತರ ಕೊಡುವವನು ಅದಕ್ಕಿಂತ ದೊಡ್ಡ ಪಿಶಾಚಿ ಅಂತ! ಪಾಠ ಮಾಡುವಾಗ ಇದನ್ನು ಹೇಳದೆ ನಾನು ಮುಂದಕ್ಕೆ ಹೋಗೋದಿಲ್ಲ. ಮಕ್ಕಳು ಆಮೇಲೆ ಕರ್ಣ ಮರೆಯೋದೇ ಇಲ್ಲ.

ತಿಪಟೂರು_ಮನೆ:
ಇವತ್ತು ಮಗಳೇ ಟೇಪ್ ಹಿಡಿದಳು ಸರ್. ನೀವು ಹೇಳಿದ ಕರ್ಣ ಸರಿಯಾಗಿ 50 ಅಡಿ ಬಂತು.

ಗಣಿತದ_ಮೇಷ್ಟ್ರು:
ಹಾಗಾದರೆ 1380. ರಸ್ತೆ ಕಡೆಯ ಎರಡೂ ಮೂಲೆ ನೇರವಾಗಿವೆ, ಹಿಂದಿನ ಗಡಿ ಮಾತ್ರ ಓರೆ. ಖಾತ್ರಿಗೆ ಇನ್ನೊಂದು ಕರ್ಣವನ್ನೂ ಅಳೆಯಿರಿ. 55 ಅಡಿ 10 ಇಂಚಿನ ಆಸುಪಾಸು ಬರಬೇಕು. ಟೇಪ್ ಜೋಲು ಬಿಡದಂತೆ ಬಿಗಿಯಾಗಿ ಹಿಡಿಯಿರಿ.

ತೋಟದ_ಬೇಲಿ:
ಸರ್, ನಮ್ಮ ಜಾಗದ ಒಂದು ಮೂಲೆ ಒಳಕ್ಕೆ ನುಗ್ಗಿದೆ. ಅಲ್ಲೂ ಇದು ನಡೆಯುತ್ತಾ?

ಗಣಿತದ_ಮೇಷ್ಟ್ರು:
ನಡೆಯುತ್ತೆ. ಆದರೆ ಒಳಕ್ಕೆ ನುಗ್ಗಿದ ಆ ಮೂಲೆಯಿಂದಲೇ ಎದುರು ಮೂಲೆಗೆ ಅಳೆಯಿರಿ. ಇನ್ನೊಂದು ಕರ್ಣ ಪಕ್ಕದವರ ಜಾಗದ ಮೇಲೆ ಹಾಯುತ್ತೆ. ಅದನ್ನು ಹಿಡಿದು ಎರಡೂ ತ್ರಿಕೋನ ಕೂಡಿಸಿದರೆ ತಪ್ಪಾಗುತ್ತೆ, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕಾಗುತ್ತೆ.