ಲಿವರ್‌ಗೆ ರಕ್ತ ತರುವುದರಲ್ಲಿ ವೇನ್‌ನದೇ ದೊಡ್ಡ ಪಾಲು ಯಾಕೆ?

ದೇರಳಕಟ್ಟೆ_ನರ್ಸಿಂಗ್: ಅಂಗಕ್ಕೆ ರಕ್ತ ತರುವುದು ಆರ್ಟರಿ, ವಾಪಸ್ ಒಯ್ಯುವುದು ವೇನ್ ಅಂತ ಕಲಿತದ್ದು. ಲಿವರ್‌ಗೆ ಪೋರ್ಟಲ್ ವೇನ್ ರಕ್ತ ತರುತ್ತದಲ್ಲ, ಅದರಲ್ಲಿ ಆಮ್ಲಜನಕ ಸಾಕಾಗುತ್ತದಾ? ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ರಿಪೋರ್ಟಿನ 'ಹೆಪಟೋಫ್ಯೂಗಲ್' ಅಂದರೆ ಏನು?

ಅನಾಟಮಿ_ಮಣಿಪಾಲ: ಲಿವರ್‌ಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ, ಹೃದಯ ಪಂಪ್ ಮಾಡುವುದರ ಕಾಲು ಭಾಗ. ಅದರಲ್ಲಿ ಮುಕ್ಕಾಲು ಪಾಲು ಪೋರ್ಟಲ್ ವೇನ್‌ನದು, ಉಳಿದದ್ದು ಹೆಪಾಟಿಕ್ ಆರ್ಟರಿಯದು. ಆರ್ಟರಿ ತರುವುದು ಕಡಿಮೆಯಾದರೂ ಅದರ ರಕ್ತದಲ್ಲಿ ಆಮ್ಲಜನಕ ಜಾಸ್ತಿ. ಹಾಗಾಗಿ ಆಮ್ಲಜನಕದ ಲೆಕ್ಕದಲ್ಲಿ ಇಬ್ಬರದೂ ಹೆಚ್ಚುಕಡಿಮೆ ಅರ್ಧರ್ಧ.

ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕುಮಾರಧಾರಾ ಸೇರುವ ಹಾಗೆ, ಪ್ಯಾಂಕ್ರಿಯಾಸ್‌ನ ಕುತ್ತಿಗೆಯ ಹಿಂದೆ ಕರುಳಿನ ಸುಪೀರಿಯರ್ ಮೆಸೆಂಟರಿಕ್ ವೇನ್‌ಗೆ ಗುಲ್ಮದ ಸ್ಪ್ಲೀನಿಕ್ ವೇನ್ ಸೇರಿ ಪೋರ್ಟಲ್ ವೇನ್ ಆಗುತ್ತದೆ. ಲಿವರ್ ಒಳಗೆ ಸೈನುಸಾಯ್ಡ್ ಎಂಬ ಸೂಕ್ಷ್ಮ ರಕ್ತನಾಳಗಳಲ್ಲಿ ಪೋರ್ಟಲ್ ಮತ್ತು ಆರ್ಟರಿಯ ರಕ್ತ ಬೆರೆತು, ಸೆಂಟ್ರಲ್ ವೇನ್‌ಗೆ ಇಳಿದು, ಮೂರು ದೊಡ್ಡ ಹೆಪಾಟಿಕ್ ವೇನ್‌ಗಳ ಮೂಲಕ ಹೃದಯಕ್ಕೆ ಹೋಗುವ ದೊಡ್ಡ ವೇನ್ ಆದ ಇನ್‌ಫೀರಿಯರ್ ವೆನಾ ಕಾವಾಕ್ಕೆ ಹೋಗುತ್ತದೆ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ: ಪೋರ್ಟಲ್ ತರುವುದು, ಹೆಪಾಟಿಕ್ ವೇನ್ ಒಯ್ಯುವುದು.

ಸ್ಕ್ಯಾನ್_ಕುಂದಾಪುರ: ಹೆಪಟೋಫ್ಯೂಗಲ್ ಅಂದರೆ ಪೋರ್ಟಲ್ ರಕ್ತ ಲಿವರ್‌ನಿಂದ ಹಿಂದಕ್ಕೆ ಹರಿಯುವುದು. ಇಲ್ಲಿನ ಒತ್ತಡ 5–10 ಮಿ.ಮೀ. ಪಾದರಸ ಅಷ್ಟೇ, ತಡೆಯಲು ವಾಲ್ವ್‌ಗಳೂ ಇಲ್ಲ. ಸಿರೋಸಿಸ್‌ನಲ್ಲಿ ಲಿವರ್ ಗಟ್ಟಿಯಾದರೆ, ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದಾಗ ನೀರು ಏರಿ ಪಕ್ಕದ ತೋಡಿಗೆ ನುಗ್ಗುವಂತೆ, ರಕ್ತ ಅನ್ನನಾಳದ ಕೆಳತುದಿಯ ಸಣ್ಣ ವೇನ್‌ಗಳಿಗೆ ನುಗ್ಗುತ್ತದೆ, ಗುಲ್ಮವೂ ಊದುತ್ತದೆ. ಪೋರ್ಟಲ್ ಮತ್ತು ಹೆಪಾಟಿಕ್ ವೇನ್ ನಡುವಿನ ಒತ್ತಡದ ವ್ಯತ್ಯಾಸ 12 ಮಿ.ಮೀ. ದಾಟಿದರೆ, ಹಾಗೆ ಊದಿದ ಆ ವೇನ್‌ಗಳು (ವೇರಿಸಿಸ್) ಒಡೆಯುವ ಅಪಾಯ.

ಆದರೆ ಡಾಪ್ಲರ್‌ನಲ್ಲಿ ಹರಿವಿನ ದಿಕ್ಕು ತೋರಿಸುವ ಬಣ್ಣ ಉಲ್ಟಾ ಕಂಡ ಕೂಡಲೇ ಹೆಪಟೋಫ್ಯೂಗಲ್ ಅಂತ ಬರೆಯಬೇಡಿ ಮಾರಾಯ್ರೆ! ಮೊದಲು ಮೆಷಿನ್‌ನಲ್ಲಿ ಕಲರ್ ಇನ್ವರ್ಟ್ ಆಗಿದೆಯಾ ನೋಡಿ. ವೇಗ ಅಳೆಯುವಾಗ ಸ್ಕ್ಯಾನ್ ಕಿರಣಕ್ಕೂ ರಕ್ತದ ಹರಿವಿಗೂ ನಡುವಿನ ಆ್ಯಂಗಲ್ 60 ಡಿಗ್ರಿಯೊಳಗೆ ಇರಲಿ, ಮೀರಿದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ರೋಗಿ ಸುಮಾರು 6 ಗಂಟೆ ಖಾಲಿ ಹೊಟ್ಟೆಯಲ್ಲಿರಬೇಕು. ಬನ್ಸ್ ತಿಂದು ಬಂದವರಲ್ಲಿ ಪೋರ್ಟಲ್ ಹರಿವು ಏರಿರುತ್ತದೆ, ಗ್ಯಾಸ್‌ನಿಂದ ವೇನ್ ಸರಿಯಾಗಿ ಕಾಣುವುದೂ ಇಲ್ಲ.

ದೇರಳಕಟ್ಟೆ_ನರ್ಸಿಂಗ್: ಪೋರ್ಟಲ್ ಹರಿವು ಕಡಿಮೆಯಾದರೆ ಆರ್ಟರಿ ಸುಧಾರಿಸುತ್ತದಾ?

ಅನಾಟಮಿ_ಮಣಿಪಾಲ: ಸ್ವಲ್ಪ ಮಟ್ಟಿಗೆ. ಲಿವರ್‌ನಲ್ಲಿ ಸದಾ ತಯಾರಾಗುವ ಅಡೆನೊಸಿನ್ ಎಂಬ ರಾಸಾಯನಿಕವನ್ನು ಪೋರ್ಟಲ್ ರಕ್ತ ತೊಳೆದುಕೊಂಡು ಹೋಗುತ್ತಿರುತ್ತದೆ. ಹರಿವು ತಗ್ಗಿದರೆ ಅದು ಉಳಿದು ಆರ್ಟರಿಯನ್ನು ಹಿಗ್ಗಿಸುತ್ತದೆ. ಆರ್ಟರಿ ಕಟ್ಟಿದರೆ ಮಾತ್ರ ಪೋರ್ಟಲ್ ಹಾಗೆ ಕೈಹಿಡಿಯುವುದಿಲ್ಲ. ಪಿತ್ತನಾಳಗಳಿಗಂತೂ ಆರ್ಟರಿಯೇ ಆಸರೆ. ಲಿವರ್ ಕಸಿಯ ನಂತರ ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಆ ನಾಳಗಳು ಕೊಳೆಯುವುದು ಅದಕ್ಕೇ.